ಮೂರು ಮತಗಳು, ಎಷ್ಟು ಸಾಕ್ಷಿಗಳು?

ಯೆಹೂದ್ಯರು, ಕ್ರೈಸ್ತರು, ಮುಸಲ್ಮಾನರು—ಈ ಮೂರು ಮತದವರೂ ದೇವರು ಒಬ್ಬನೇ ಎನ್ನುತ್ತಾರೆ. ಆತನೇ ಈ ಲೋಕವನ್ನು ಸೃಷ್ಟಿಸಿದನೆಂದೂ, ಪ್ರವಾದಿಗಳ ಮೂಲಕ ತನ್ನ ಆಜ್ಞೆಯನ್ನು ಮನುಷ್ಯರಿಗೆ ತಿಳಿಯಪಡಿಸಿದನೆಂದೂ, ಕಡೆಯ ದಿನ ಪ್ರತಿಯೊಬ್ಬನ ನಡತೆಯನ್ನೂ ವಿಚಾರಿಸುವನೆಂದೂ ಮೂವರೂ ನಂಬುತ್ತಾರೆ. ಶತಮಾನಗಳ ಕಾಲ ಒಬ್ಬರೊಡನೊಬ್ಬರು ಹೋರಾಡಿದ ಜನ ಇಷ್ಟು ಮುಖ್ಯವಾದ ವಿಷಯದಲ್ಲಿ ಒಂದೇ ಮಾತನ್ನಾಡುವುದಾದರೆ ಆ ಮಾತು ನಿಜವಾಗಿರಲೇಬೇಕಲ್ಲವೆ? ದೇವರಿದ್ದಾನೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕೆ? ಹೀಗೆಂದು ಕೇಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ.

ಬಹುಜನರ ಒಪ್ಪಿಗೆಯನ್ನೇ ಪ್ರಮಾಣವಾಗಿ ಹಿಡಿಯುವ ಈ ವಾದ ಬಹಳ ಹಳೆಯದು. ಕ್ರಿ. ಪೂ. 45ರಲ್ಲಿ ರೋಮಿನ ಸಿಸೆರೊ ದೇವತೆಗಳ ಸ್ವರೂಪವನ್ನು ಕುರಿತು ಒಂದು ಸಂವಾದಗ್ರಂಥವನ್ನು ಬರೆದನು. ಎಲ್ಲ ಜನಾಂಗಗಳೂ ಒಪ್ಪಿರುವುದರಿಂದ ದೇವತೆಗಳಿರಲೇಬೇಕೆಂದು ಅದರಲ್ಲಿ ಒಬ್ಬನು ವಾದಿಸುತ್ತಾನೆ. ಎಲ್ಲ ಜನಾಂಗಗಳ ಅಭಿಪ್ರಾಯ ನಿನಗೆ ತಿಳಿದದ್ದು ಹೇಗೆ ಎಂದು ಇನ್ನೊಬ್ಬನು ಕೇಳುತ್ತಾನೆ.

ನ್ಯಾಯಸ್ಥಾನದಲ್ಲಿ ಮೂವರು ಸಾಕ್ಷಿಗಳು ಒಂದೇ ಹೇಳಿಕೆಯನ್ನು ಕೊಟ್ಟರೆ ನ್ಯಾಯಾಧೀಶರು ಕೂಡಲೇ ತೀರ್ಪು ಬರೆಯುವುದಿಲ್ಲ. ಮೂವರೂ ತಾವೇ ಕಣ್ಣಾರೆ ಕಂಡರೋ, ಅಥವಾ ಒಬ್ಬನು ಕಂಡದ್ದನ್ನು ಉಳಿದಿಬ್ಬರು ಅವನ ಬಾಯಿಂದ ಕೇಳಿ ಹೇಳುತ್ತಿದ್ದಾರೋ ಎಂಬುದನ್ನು ಮೊದಲು ವಿಚಾರಿಸುತ್ತಾರೆ. ಕೇಳಿ ಹೇಳಿದ್ದಾದರೆ ಅವರು ಸುಳ್ಳುಗಾರರೆಂದು ಅರ್ಥವಲ್ಲ. ಸಾಕ್ಷಿಗಳ ಲೆಕ್ಕ ಮಾತ್ರ ಮೂರರಿಂದ ಒಂದಕ್ಕೆ ಇಳಿಯುತ್ತದೆ. ಈ ಮೂರು ಮತಗಳ ಸಾಮ್ಯವನ್ನೂ ಹೀಗೆಯೇ ಪರೀಕ್ಷಿಸಬೇಕಾಗುತ್ತದೆ. ಇಂಥ ಪರೀಕ್ಷೆ ಚರಿತ್ರೆಯ ಕೆಲಸ.

ಸಾಮ್ಯಗಳೇನೋ ಹೇರಳವಾಗಿವೆ. ದೇವರ ಹೆಸರನ್ನೇ ನೋಡೋಣ. ಹೀಬ್ರೂ ಬೈಬಲಿನ ‘ಎಲೋಹ’, ಯೇಸುವಿನ ಕಾಲದ ಪ್ಯಾಲೆಸ್ಟೈನಿನಲ್ಲಿ ಜನ ಆಡುತ್ತಿದ್ದ ಅರಮಾಯಿಕ್ ನುಡಿಯ ‘ಎಲಾಹ’, ಅರಬ್ಬಿಯ ‘ಅಲ್ಲಾಹ್’—ಇವು ಒಡಹುಟ್ಟಿದ ಮಾತುಗಳು. ಅರಬ್ಬಿ ನುಡಿಯುವ ಕ್ರೈಸ್ತರು ಇಂದಿಗೂ ತಮ್ಮ ಪ್ರಾರ್ಥನೆಯಲ್ಲಿ ದೇವರನ್ನು ಅಲ್ಲಾಹ್ ಎಂದೇ ಕರೆಯುತ್ತಾರೆ. ಅಬ್ರಹಾಮನು ಮೂವರಿಗೂ ಪೂಜ್ಯ ಪುರುಷ. ಹೆಬ್ರಾನಿನಲ್ಲಿ ಅವನ ಸಮಾಧಿಯಿದೆಯೆಂದು ನಂಬುವ ಗುಹೆ ಮೂವರಿಗೂ ಪವಿತ್ರಸ್ಥಳ. ಅವನು ಮಗನನ್ನು ಬಲಿಕೊಡಲು ಸಿದ್ಧನಾದ ಕಥೆ ಮೂರು ಕಡೆಯೂ ಇದೆ. ಆ ಮಗನು ಇಸಾಕನೆಂದು ಬೈಬಲು ಹೇಳುತ್ತದೆ. ಕುರಾನು ಹೆಸರನ್ನು ಹೇಳುವುದಿಲ್ಲ. ಇಷ್ಮಾಯೇಲನೆಂದು ಬಹುಮಂದಿ ಮುಸಲ್ಮಾನರ ನಂಬಿಕೆ. ನಮ್ಮ ನೆರೆಹೊರೆಯಲ್ಲಿ ನಡೆಯುವ ಬಕ್ರೀದ್ ಹಬ್ಬ ಈ ಕಥೆಯ ಸ್ಮರಣೆಯೇ.

ಆದರೆ ಈ ಹೋಲಿಕೆ ಬಂದದ್ದು ಹೇಗೆ? ಯೇಸುವೂ ಅವನ ಮೊದಲ ಶಿಷ್ಯರೂ ಯೆಹೂದ್ಯರು. ಕ್ರಿ. ಪೂ. ಮೂರನೆಯ ಶತಮಾನದಿಂದ ಮೊದಲ್ಗೊಂಡು ಯೆಹೂದ್ಯರ ಧರ್ಮಗ್ರಂಥಗಳು ಗ್ರೀಕ್ ಭಾಷೆಗೆ ಪರಿವರ್ತನೆಯಾದವು. ಆದಿಕಾಲದ ಕ್ರೈಸ್ತರು ಓದುತ್ತಿದ್ದುದು ಆ ಭಾಷಾಂತರವನ್ನೇ. ಇಂದಿಗೂ ಯೆಹೂದ್ಯರ ಬೈಬಲು ಕ್ರೈಸ್ತರ ಹಳೆಯ ಒಡಂಬಡಿಕೆಯಾಗಿದೆ. ಏಳನೆಯ ಶತಮಾನದ ಅರೇಬಿಯಾದಲ್ಲಿ ಪೈಗಂಬರರು ಉಪದೇಶ ಮಾಡಿದಾಗ ಅಲ್ಲಿ ಯೆಹೂದ್ಯರೂ ಇದ್ದರು, ಕ್ರೈಸ್ತರೂ ಇದ್ದರು. ತಾನು ಹಿಂದಿನ ಗ್ರಂಥಗಳನ್ನು ಸ್ಥಿರಪಡಿಸಲು ಬಂದುದೆಂದು ಕುರಾನೇ ಸಾರುತ್ತದೆ. ಆದ್ದರಿಂದ ತಮಗೂ ಹಿಂದಿನವರಿಗೂ ಸಂಬಂಧವಿಲ್ಲವೆಂದು ಈ ಮತಗಳೇ ಹೇಳಿಕೊಂಡಿಲ್ಲ. ಒಂದೇ ಮನೆಯ ಮಕ್ಕಳ ಮುಖ ಒಂದೇ ಬಗೆಯಾಗಿರುವುದರಲ್ಲಿ ಆಶ್ಚರ್ಯವೇನು?

ಮನೆಯ ತಳಪಾಯ ಇನ್ನೂ ಹಳೆಯದೆಂದು 1872ರಲ್ಲಿ ಲೋಕಕ್ಕೆ ತಿಳಿಯಿತು. ನಿನೆವೆಯ ಅವಶೇಷಗಳಲ್ಲಿ ದೊರೆತ ಅಸ್ಸೀರಿಯದ ಅರಸು ಅಶುರ್‌ಬನಿಪಾಲನ ಗ್ರಂಥಭಂಡಾರದ ಜೇಡಿಮಣ್ಣಿನ ಹಲಗೆಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಓದುತ್ತಿದ್ದ ಜಾರ್ಜ್ ಸ್ಮಿತ್, ಆ ವರ್ಷದ ಡಿಸೆಂಬರ್ 3ರಂದು ಲಂಡನ್ನಿನ ವಿದ್ವತ್ಸಭೆಯ ಮುಂದೆ ಒಂದು ಪ್ರಳಯದ ಕಥೆಯನ್ನು ಓದಿದನು. ದೊಡ್ಡ ನಾವೆ, ಅದರೊಳಗೆ ಪ್ರಾಣಿಗಳು, ಬೆಟ್ಟದ ಮೇಲೆ ನಾವೆ ತಂಗಿದ್ದು, ನೆಲ ಕಾಣುವುದೋ ಎಂದು ಹಕ್ಕಿಗಳನ್ನು ಬಿಟ್ಟು ನೋಡಿದ್ದು—ಎಲ್ಲವೂ ನೋಹನ ಕಥೆಯಂತೆಯೇ ಇತ್ತು. ಆದರೆ ಅಲ್ಲಿ ದೇವರು ಒಬ್ಬನಲ್ಲ, ಹಲವರು. ಕಥೆ ಒಂದು ನಾಡಿನಿಂದ ಇನ್ನೊಂದಕ್ಕೆ ಬರುವಾಗ ದೇವರ ಕಲ್ಪನೆಯೇ ಮಾರ್ಪಟ್ಟಿತು. ಕಥೆಗಳು ಹೋಲುತ್ತವೆ ಎಂಬುದರಿಂದಲೇ ಏಕದೇವನು ಸಿದ್ಧನಾಗುವುದಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಇದೆಲ್ಲ ಇತ್ತೀಚಿನ ಸಂಶಯವಾದಿಗಳು ಮಾತ್ರ ಕಂಡುಕೊಂಡ ವಿಷಯವೆಂದು ತಿಳಿಯಬಾರದು. ಮಧ್ಯಯುಗದ ಆಸ್ತಿಕ ವಿದ್ವಾಂಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸ್ಪೇನಿನ ಯೆಹೂದ್ಯ ಕವಿ ಯೆಹೂದ ಹಲೇವಿ ಸುಮಾರು 1140ರಲ್ಲಿ ಅರಬ್ಬಿ ಭಾಷೆಯಲ್ಲಿ ‘ಕುಜಾರಿ’ ಎಂಬ ಸಂವಾದವನ್ನು ಬರೆದು ಮುಗಿಸಿದನು. ಖಜರ ಜನಾಂಗದ ದೊರೆಯೊಬ್ಬನು ಸರಿಯಾದ ಮತವಾವುದೆಂದು ತಿಳಿಯಬಯಸಿ ಮೊದಲು ಒಬ್ಬ ತತ್ತ್ವಜ್ಞಾನಿಯನ್ನೂ, ಆಮೇಲೆ ಒಬ್ಬ ಕ್ರೈಸ್ತನನ್ನೂ, ಒಬ್ಬ ಮುಸಲ್ಮಾನನನ್ನೂ ಕರೆಸುತ್ತಾನೆ. ಕ್ರೈಸ್ತನೂ ಮುಸಲ್ಮಾನನೂ ತಮ್ಮ ಮಾತಿಗೆ ಆಧಾರವಾಗಿ ಇಸ್ರಾಯೇಲಿನ ಪೂರ್ವಕಥೆಯನ್ನು ತೋರಿಸುವುದನ್ನು ಕಂಡು, ಹಾಗಾದರೆ ಮೂಲಸಾಕ್ಷಿಯನ್ನೇ ಕೇಳೋಣವೆಂದು ಯೆಹೂದ್ಯನನ್ನು ಕರೆಸುತ್ತಾನೆ. ಮೂವರ ಸಾಮ್ಯವನ್ನು ಹಲೇವಿ ಮೂರು ಪ್ರಮಾಣಗಳೆಂದು ಎಣಿಸಲಿಲ್ಲ. ಎಲ್ಲವೂ ಒಂದೇ ಬೇರಿಗೆ ಹೋಗಿ ಮುಟ್ಟುತ್ತವೆಂಬುದೇ ಅವನ ವಾದ.

ಇದಕ್ಕಿಂತ ಹರಿತವಾದ ವಿಚಾರವನ್ನು ಮಾಡಿದವನು ಮೋಸೆಸ್ ಮೈಮೊನಿಡೀಸ್. ಹನ್ನೆರಡನೆಯ ಶತಮಾನದಲ್ಲಿ ಕಾರ್ಡೋವದಲ್ಲಿ ಹುಟ್ಟಿದ ಈ ಯೆಹೂದ್ಯ ಪಂಡಿತನು, ಅಲ್ಲಿ ಪರಮತದವರಿಗೆ ಉಳಿಗಾಲವಿಲ್ಲದಂತಾದಾಗ ತನ್ನ ಮನೆಯವರೊಡನೆ ಊರು ಬಿಟ್ಟು, ಮೊರಾಕೋ ಪ್ಯಾಲೆಸ್ಟೈನುಗಳನ್ನು ದಾಟಿ ಈಜಿಪ್ಟಿನ ಹಳೆಯ ಕೈರೋವಿನಲ್ಲಿ ನೆಲೆಸಿದನು. ಅವನ ತಮ್ಮ ದಾವೀದನು ವ್ಯಾಪಾರಕ್ಕಾಗಿ ನಮ್ಮ ದೇಶದ ಕಡೆಗೆ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು. ಆ ದುಃಖದಲ್ಲಿ ಅಣ್ಣನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ಆ ಕಾಲದಲ್ಲಿ ಕೈರೋವಿಗೂ ನಮ್ಮ ಪಶ್ಚಿಮ ಕರಾವಳಿಗೂ ಬಳಕೆ ಹೆಚ್ಚಾಗಿತ್ತು. ಹಳೆಯ ಕೈರೋವಿನ ಯೆಹೂದ್ಯ ಪ್ರಾರ್ಥನಾಮಂದಿರದ ಕಾಗದಪತ್ರಗಳ ಕೋಣೆಯಲ್ಲಿ ಮೈಮೊನಿಡೀಸನ ಹಸ್ತಾಕ್ಷರಗಳು ದೊರೆತಿವೆ; 1132ರಲ್ಲಿ ಮಂಗಳೂರಿನಲ್ಲಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನ ಕಾಗದಗಳೂ, ಅವನ ಸೇವಕನಾದ ಬೊಮ್ಮನ ಹೆಸರೂ ಅದೇ ರಾಶಿಯಲ್ಲಿ ದೊರೆತಿವೆ. ಹಡಗಿನಲ್ಲಿ ಮೆಣಸು ಹೋದಂತೆಯೇ ಮತದಿಂದ ಮತಕ್ಕೆ ವಿಚಾರಗಳೂ ಸಾಗುತ್ತಿದ್ದ ಕಾಲವದು.

ಮೈಮೊನಿಡೀಸನು ಸುಮಾರು 1190ರಲ್ಲಿ ಮುಗಿಸಿದ ‘ದಿಗ್ಭ್ರಾಂತರಿಗೆ ದಾರಿ’ ಎಂಬ ಅರ್ಥದ ಹೆಸರಿನ ಗ್ರಂಥದಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಬರುತ್ತಾನೆ. ಲೋಕಕ್ಕೆ ಆದಿಯುಂಟು ಎಂಬುದು ಯೆಹೂದ್ಯರು, ಕ್ರೈಸ್ತರು, ಮುಸಲ್ಮಾನರು ಮೂವರಿಗೂ ಸಮಾನವಾದ ನಂಬಿಕೆಯೆಂದು ಅವನು ಒಪ್ಪುತ್ತಾನೆ. ಆದರೆ ಈ ನಂಬಿಕೆಯನ್ನು ಸಮರ್ಥಿಸಲು ಮುಸಲ್ಮಾನ ಮತಶಾಸ್ತ್ರಜ್ಞರು ಬಳಸುವ ಯುಕ್ತಿಗಳು ಮೊದಲು ಗ್ರೀಕ್ ಮತ್ತು ಸಿರಿಯ ಕ್ರೈಸ್ತರಲ್ಲಿ ಹುಟ್ಟಿದವೆಂದೂ, ಅವರಿಂದ ಮುಸಲ್ಮಾನರಿಗೆ, ಮುಸಲ್ಮಾನರಿಂದ ಕೆಲವು ಯೆಹೂದ್ಯರಿಗೆ ಬಂದವೆಂದೂ ವಂಶಾವಳಿಯನ್ನು ಬಿಡಿಸಿಡುತ್ತಾನೆ. ಆ ಕ್ರೈಸ್ತರಲ್ಲಿ ಒಬ್ಬನ ಹೆಸರನ್ನೂ ಹೇಳುತ್ತಾನೆ: ವೈಯಾಕರಣ ಯಹ್ಯಾ, ಎಂದರೆ ಆರನೆಯ ಶತಮಾನದ ಅಲೆಕ್ಸಾಂಡ್ರಿಯದ ಜಾನ್ ಫಿಲೊಪೊನಸ್.

ಈ ವಂಶಾವಳಿ ನಿಜವೆಂಬುದಕ್ಕೆ ಒಂದು ಸ್ವಾರಸ್ಯವಾದ ಗುರುತಿದೆ. ಶನಿಗ್ರಹ ರಾಶಿಚಕ್ರವನ್ನು ಒಮ್ಮೆ ಸುತ್ತಲು ಸುಮಾರು 30 ವರ್ಷ ಹಿಡಿಯುತ್ತದೆಂದು ಪಂಚಾಂಗ ನೋಡುವ ನಮ್ಮವರೆಲ್ಲರೂ ಬಲ್ಲರು. ಶನಿಯ ಒಂದು ಸುತ್ತಿಗೆ ಸೂರ್ಯನದು 30 ಸುತ್ತು. ಲೋಕಕ್ಕೆ ಆದಿಯಿಲ್ಲವೆನ್ನುವುದಾದರೆ ಶನಿಯ ಸುತ್ತುಗಳೂ ಅನಂತವಾಗುತ್ತವೆ, ಸೂರ್ಯನ ಸುತ್ತುಗಳೂ ಅನಂತವಾಗುತ್ತವೆ. ಆದರೂ ಒಂದು ಇನ್ನೊಂದರ 30 ಪಾಲು! ಅನಂತಕ್ಕಿಂತ ದೊಡ್ಡ ಅನಂತವುಂಟೆ? ಹೀಗೆಂದು ಕೇಳಿ ಎದುರಾಳಿಯನ್ನು ಕಟ್ಟಿಹಾಕಿದವನು ಕ್ರೈಸ್ತನಾದ ಫಿಲೊಪೊನಸ್. ಸುಮಾರು ಐನೂರೈವತ್ತು ವರ್ಷಗಳ ಮೇಲೆ, 1095ರಲ್ಲಿ, ಬಾಗ್ದಾದಿನಲ್ಲಿದ್ದ ಮುಸಲ್ಮಾನ ಪಂಡಿತ ಅಲ್-ಘಜಾಲಿ ತತ್ತ್ವಜ್ಞಾನಿಗಳನ್ನು ಖಂಡಿಸಿ ಬರೆದ ಗ್ರಂಥದಲ್ಲಿ ಅದೇ ಶನಿ, ಅದೇ ಸೂರ್ಯ, ಅದೇ 30ರ ಲೆಕ್ಕ. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸಿನ ಕ್ರೈಸ್ತ ಗುರು ಬೊನವೆಂತುರನು ಸೂರ್ಯಚಂದ್ರರನ್ನು ಹಿಡಿದು ಇದೇ ಬಗೆಯ ಲೆಕ್ಕವನ್ನು ಮಾಡುತ್ತಾನೆ. ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಉದಾಹರಣೆಯೂ ಒಂದೇ ಆಗಿದ್ದರೆ ಉಪಾಧ್ಯಾಯರು ಏನೆಂದು ತಿಳಿಯುತ್ತಾರೆ?

ನಡುವಿನ ದಾರಿಯೂ ನಮಗೆ ಗೊತ್ತಿದೆ. ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕನಂಥ ಸಿರಿಯ ಕ್ರೈಸ್ತರು ಗ್ರೀಕ್ ಶಾಸ್ತ್ರಗಳನ್ನು ಅರಬ್ಬಿಗೆ ತಂದರು. ಒಂಬತ್ತನೆಯ ಶತಮಾನದಲ್ಲಿ ಮುಸಲ್ಮಾನನಾದ ಅಲ್-ಕಿಂದಿಯೂ, ಹತ್ತನೆಯ ಶತಮಾನದಲ್ಲಿ ಯೆಹೂದ್ಯನಾದ ಸಾದಿಯಾ ಗಾವೋನನೂ ಕಾಲಕ್ಕೆ ಆದಿಯುಂಟೆಂಬ ಈ ಬಗೆಯ ಯುಕ್ತಿಗಳನ್ನು ಕೈಗೆತ್ತಿಕೊಂಡರು.

ಸೃಷ್ಟಿಯ ವಿಷಯದಲ್ಲಿ ಮೈಮೊನಿಡೀಸನು ಈ ಮೂವರ ಕಡೆಯವನೇ. ಲೋಕಕ್ಕೆ ಆದಿಯುಂಟೆಂದೇ ಅವನ ನಂಬಿಕೆ. ಆದರೂ ಅದನ್ನು ದೇವರಿರುವಿಕೆಗೆ ಅಡಿಗಲ್ಲಾಗಿ ಮಾಡಲು ಅವನು ಒಪ್ಪುವುದಿಲ್ಲ. ಸೃಷ್ಟಿಯನ್ನು ನಿಸ್ಸಂದೇಹವಾಗಿ ಸಾಧಿಸಲು ಬರುವುದಿಲ್ಲ. ಸಾಧಿಸಲಾಗದ ಮಾತಿನ ಮೇಲೆ ಕಟ್ಟಿದ್ದು ಆ ಮಾತಿನೊಂದಿಗೇ ಬಿದ್ದುಹೋಗುತ್ತದೆ. ಆದ್ದರಿಂದ ಅವನು ಎದುರಾಳಿಯ ಪಕ್ಷವನ್ನೇ ವಾದಕ್ಕಾಗಿ ಒಪ್ಪಿಕೊಳ್ಳುತ್ತಾನೆ: ಅರಿಸ್ಟಾಟಲ್ ಹೇಳಿದಂತೆ ಲೋಕ ಅನಾದಿಯೆಂದೇ ಇರಲಿ, ಆಗಲೂ ಅದನ್ನು ಚಲಿಸುವಂತೆ ಮಾಡುವ ಮೂಲಕಾರಣ ಒಂದಿರಬೇಕು ಎಂದು ವಾದಿಸುತ್ತಾನೆ. ಆ ವಾದ ಗೆದ್ದಿತೋ ಸೋತಿತೋ ಎಂಬುದು ಬೇರೆ ಚರ್ಚೆ. ಮೂರು ಮತಗಳ ಒಪ್ಪಿಗೆ ತನ್ನ ಕೈಯಲ್ಲಿದ್ದರೂ ಅದನ್ನು ಪ್ರಮಾಣವೆಂದು ಮುಂದಿಡದ ಅವನ ಪ್ರಾಮಾಣಿಕತೆ ಗಮನಾರ್ಹವಾದುದು. ಮುಂದೆ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸನು ಈ ‘ರಬ್ಬಿ ಮೋಸೆಸ್’ನನ್ನು ಗೌರವದಿಂದ ಉದಾಹರಿಸಿದನು. ಲೋಕಕ್ಕೆ ಆದಿಯುಂಟೆಂಬುದು ನಂಬಿಕೆಯಿಂದ ತಿಳಿಯತಕ್ಕದ್ದೇ ಹೊರತು ತರ್ಕದಿಂದ ಸಾಧಿಸತಕ್ಕದ್ದಲ್ಲ, ದುರ್ಬಲವಾದ ಯುಕ್ತಿಗಳನ್ನು ಹೂಡಿದರೆ ನಂಬದವರ ನಗೆಗೆ ಗುರಿಯಾಗುತ್ತೇವೆ ಎಂದು ಅವನೂ ಎಚ್ಚರಿಸಿದನು.

ಇನ್ನು ಸಾಮ್ಯದ ಜೊತೆಗೆ ಭೇದವನ್ನೂ ತೂಗಿ ನೋಡಬೇಕು. ದೇವರಲ್ಲಿ ತ್ರಿತ್ವವುಂಟೆಂದು ಕ್ರೈಸ್ತರು ನಂಬಿದರೆ ಉಳಿದಿಬ್ಬರು ಒಪ್ಪುವುದಿಲ್ಲ. ಯೇಸು ಶಿಲುಬೆಯ ಮೇಲೆ ಸತ್ತನೆಂಬುದು ಕ್ರೈಸ್ತರ ನಂಬಿಕೆಯ ತಿರುಳು; ಕುರಾನು ಅದನ್ನು ಅಲ್ಲಗಳೆಯುತ್ತದೆ. ಪರಸ್ಪರ ವಿರುದ್ಧವಾದ ಮತಗಳ ಪವಾಡಗಳು ಒಂದರ ಸಾಕ್ಷ್ಯವನ್ನು ಇನ್ನೊಂದು ಅಳಿಸಿಹಾಕುತ್ತವೆಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ಬರೆದನು. ಅಣ್ಣತಮ್ಮಂದಿರು ತಂದೆಯ ಮರಣಶಾಸನದ ಬಗ್ಗೆ ಜಗಳವಾಡಿದ ಮಾತ್ರಕ್ಕೆ ತಂದೆಯೇ ಇರಲಿಲ್ಲವೆನ್ನಲಾಗದೆಂದು ಆಸ್ತಿಕನು ಉತ್ತರ ಹೇಳಬಹುದು. ಅದು ನ್ಯಾಯವಾದ ಮಾತೇ. ಆದರೆ ಭೇದದಿಂದ ದೇವರಿಲ್ಲವೆಂದು ಸಿದ್ಧವಾಗದಿದ್ದರೆ, ಸಾಮ್ಯದಿಂದ ದೇವರಿದ್ದಾನೆಂದೂ ಸಿದ್ಧವಾಗುವುದಿಲ್ಲ. ತಕ್ಕಡಿ ಎರಡು ಕಡೆಗೂ ಒಂದೇ ಆಗಿರಬೇಕು.

ಹಾಗಾದರೆ ಈ ಮನೆತನಕ್ಕೆ ಸೇರದ ಸಾಕ್ಷಿಗಳು ಎಲ್ಲಿಯೂ ಇಲ್ಲವೆ? ಇದ್ದಾರೆ, ಅವರಿಗಾಗಿ ನಾವು ದೂರ ಹೋಗಬೇಕಾಗಿಲ್ಲ. ಮಿಥಿಲೆಯ ನೈಯಾಯಿಕ ಉದಯನಾಚಾರ್ಯನು ಬೈಬಲು ಕುರಾನುಗಳ ಆಸರೆಯಿಲ್ಲದೆ, ಜಗತ್ತು ಕಾರ್ಯವಾದ್ದರಿಂದ ಅದಕ್ಕೆ ಕರ್ತನಿರಬೇಕೆಂದು ‘ನ್ಯಾಯಕುಸುಮಾಂಜಲಿ’ಯಲ್ಲಿ ಸಾಧಿಸಹೊರಟನು. ಈ ಸಾಕ್ಷಿಗೆ ಮೇಲಿನ ಮೂರರ ನಡುವಣ ಹೋಲಿಕೆಗಿಂತ ಹೆಚ್ಚು ಬೆಲೆಯಿದೆ. ಆದರೆ ಅದೇ ನ್ಯಾಯಸ್ಥಾನಕ್ಕೆ ಇತರರನ್ನೂ ಕರೆಯಬೇಕಾಗುತ್ತದೆ. ವೇದವನ್ನು ಪ್ರಮಾಣವೆಂದು ನಂಬಿದ ಕುಮಾರಿಲಭಟ್ಟನು ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಬಾಗ್ದಾದಿನಲ್ಲಿ ಅಲ್-ಕಿಂದಿ ಲೋಕಕ್ಕೆ ಆದಿಯುಂಟೆಂದು ಬರೆಯುತ್ತಿದ್ದ ಒಂಬತ್ತನೆಯ ಶತಮಾನದಲ್ಲಿಯೇ, ರಾಷ್ಟ್ರಕೂಟರ ಅಮೋಘವರ್ಷನಿಗೆ ಪೂಜ್ಯನಾಗಿದ್ದ ಜಿನಸೇನಾಚಾರ್ಯನು ಲೋಕಕ್ಕೆ ಕರ್ತನಿಲ್ಲವೆಂದು ತನ್ನ ಸಂಸ್ಕೃತ ‘ಆದಿಪುರಾಣ’ದಲ್ಲಿ ಯುಕ್ತಿಗಳನ್ನು ಹೂಡಿದನು. 941ರಲ್ಲಿ ಪಂಪನು ಕನ್ನಡದಲ್ಲಿ ಆದಿಪುರಾಣವನ್ನು ರಚಿಸಿದ್ದು ಆ ಗ್ರಂಥವನ್ನು ಅನುಸರಿಸಿಯೇ. ಸ್ವತಂತ್ರ ಸಾಕ್ಷಿಗಳು ದೊರೆತಾಗ ಅವರು ಒಂದೇ ಮಾತನ್ನು ಹೇಳುವುದಿಲ್ಲ.

ಆದ್ದರಿಂದ ಮೂರು ಮತಗಳ ಸಾಮ್ಯ ಮೊದಲು ಸಾಧಿಸುವುದು ಆ ಮತಗಳ ನಂಟನ್ನು; ದೇವರ ಅಸ್ತಿತ್ವವನ್ನಲ್ಲ. ಇದರಿಂದ ನಂಬುವವನಿಗೆ ನಷ್ಟವೇನೂ ಇಲ್ಲ. ಅವನ ನಂಬಿಕೆಗೆ ತಕ್ಕ ಆಧಾರ ತರ್ಕದಲ್ಲಿಯೋ ಅನುಭವದಲ್ಲಿಯೋ ಇದ್ದರೆ, ಅದು ನೆರೆಮನೆಯವನ ತಲೆಯೆಣಿಕೆಯನ್ನು ಕಾಯಬೇಕಾಗಿಲ್ಲ. ನಂಬದವನಿಗೂ ಇದರಿಂದ ಗೆಲುವಾಗುವುದಿಲ್ಲ. ಒಬ್ಬನಿಂದ ಒಬ್ಬನು ಕೇಳಿ ಹೇಳಿದ ಮಾತು ಸುಳ್ಳೇ ಆಗಿರಬೇಕೆಂಬ ನಿಯಮವೆಲ್ಲಿಯೂ ಇಲ್ಲ. ಆದರೆ ಇಬ್ಬರೂ ಮೈಮೊನಿಡೀಸನಿಂದ ಕಲಿಯಬಹುದಾದ ಒಂದು ಶಿಸ್ತುಂಟು. ಮತದ ಹೆಸರಿನಲ್ಲಿ ಹುಟ್ಟೂರನ್ನು ಕಳೆದುಕೊಂಡ ಆ ಮನುಷ್ಯನು ಮುಸಲ್ಮಾನರ ವಾದವನ್ನು ಅವರ ಭಾಷೆಯಲ್ಲಿಯೇ ಓದಿ, ಅದರಲ್ಲಿ ಕ್ರೈಸ್ತರ ಋಣವೆಷ್ಟೆಂದು ಲೆಕ್ಕ ಹಾಕಿ, ತನ್ನ ಪಕ್ಷಕ್ಕೆ ಅನುಕೂಲವಾಗಿದ್ದ ಯುಕ್ತಿ ಸಾಲದೆಂದು ಕಂಡಾಗ ಅದನ್ನು ಕೆಳಗಿಟ್ಟನು.