ಸಲೀಂ ಅಹ್ಮದ್ ಸಲೀಂ

ತಾಂಜಾನಿಯಾದ ರಾಜತಾಂತ್ರಿಕ, ಸಚಿವ, ಪ್ರಧಾನಿ. 1942ರಲ್ಲಿ ಜಾಂಜಿಬಾರಿನಲ್ಲಿ ಜನನ. 1964ರ ಜನವರಿಯ ಕ್ರಾಂತಿಯಲ್ಲಿ ಅಲ್ಲಿನ ಸುಲ್ತಾನನ ಆಳ್ವಿಕೆ ಕೊನೆಗೊಂಡಿತು. ಏಪ್ರಿಲ್‌ನಲ್ಲಿ ಜಾಂಜಿಬಾರ್ ಮತ್ತು ತಂಗನ್ಯಿಕಾ ಒಂದಾಗಿ ತಾಂಜಾನಿಯಾ ಆದವು. ಹೊಸ ನಾಡಿಗೆ ವಿದ್ಯಾವಂತ ತರುಣರ ತೀವ್ರ ಅಗತ್ಯವಿತ್ತು. ಹಾಗಾಗಿ ಸಲೀಂ 22ನೇ ವಯಸ್ಸಿಗೇ ಈಜಿಪ್ಟಿಗೆ ರಾಯಭಾರಿಯಾದರು. ಮರುವರ್ಷ ಹೈಕಮಿಷನರ್ ಆಗಿ ಭಾರತಕ್ಕೆ ಬಂದು 1968ರವರೆಗೆ ಇಲ್ಲಿದ್ದರು. ಆ ಹುದ್ದೆಯಲ್ಲಿದ್ದುಕೊಂಡೇ ದೆಹಲಿ ವಿಶ್ವವಿದ್ಯಾಲಯದಲ್ಲಿ ಓದಿದರು.

1970ರಿಂದ ಹತ್ತು ವರ್ಷ ವಿಶ್ವಸಂಸ್ಥೆಯಲ್ಲಿ ತಾಂಜಾನಿಯಾದ ಕಾಯಂ ಪ್ರತಿನಿಧಿ. ವಸಾಹತು ವಿಮೋಚನಾ ಸಮಿತಿಯ ಅಧ್ಯಕ್ಷರಾಗಿ 1972ರಿಂದ ಅಂಗೋಲಾ, ಮೊಜಾಂಬಿಕ್, ನಮೀಬಿಯಾ, ರೊಡೇಷಿಯಾಗಳ ಪರವಾಗಿ ಪಟ್ಟು ಬಿಡದೆ ವಾದಿಸಿದರು. ಅವರ ಬಾಳಿನ ಅತ್ಯಂತ ಬೆಲೆಬಾಳುವ ಕೆಲಸ ಇದೇ ಎನ್ನಬೇಕು. ಆದರೆ ಅವರ ಹಣೆಬರಹವನ್ನು ತಿರುಗಿಸಿದ್ದು ಅದಕ್ಕೂ ಹಿಂದಿನ ಒಂದು ರಾತ್ರಿ. 1971ರ ಅಕ್ಟೋಬರ್ 25ರಂದು ಮಹಾಸಭೆ 76–35 ಮತಗಳಿಂದ ಚೀನಾದ ಪೀಠವನ್ನು ತೈವಾನ್ ಕೈಯಿಂದ ಬೀಜಿಂಗ್ ಸರ್ಕಾರಕ್ಕೆ ಕೊಟ್ಟಾಗ ತಾಂಜಾನಿಯಾದ ನಿಯೋಗ ಸಭಾಂಗಣದಲ್ಲೇ ಕುಣಿದು ಸಂಭ್ರಮಿಸಿತು. ತೈವಾನ್ ಪರ ವಾದಿಸಿ ಸೋತಿದ್ದ ಅಮೆರಿಕದ ಪ್ರತಿನಿಧಿ ಜಾರ್ಜ್ ಬುಷ್.

ಹತ್ತು ವರ್ಷಗಳ ನಂತರ ಆ ಬುಷ್ ಅಮೆರಿಕದ ಉಪಾಧ್ಯಕ್ಷ. ಸಲೀಂ ಮಹಾಸಭೆಯ ಅಧ್ಯಕ್ಷಗಿರಿ (1979) ಮುಗಿಸಿ, ತಮ್ಮ ದೇಶದ ವಿದೇಶಾಂಗ ಸಚಿವರಾಗಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಹುದ್ದೆಗೆ ಸ್ಪರ್ಧಿಸಿದ್ದರು. ಭದ್ರತಾ ಮಂಡಳಿಯ ಮೊದಲ ಸುತ್ತಿನಲ್ಲಿ ಸಲೀಂಗೆ 11 ಮತ, ಎರಡನೇ ಅವಧಿ ಮುಗಿಸುತ್ತಿದ್ದ ಹಾಲಿ ಪ್ರಧಾನ ಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್‌ಗೆ 10. ಅಮೆರಿಕ ಸಲೀಂ ಮೇಲೆ, ಚೀನಾ ವಾಲ್ಡ್‌ಹೈಮ್ ಮೇಲೆ ವಿಟೊ ಹೂಡುತ್ತಲೇ ಹೋದವು. 16 ಸುತ್ತು ಮತದಾನವಾದರೂ ಗಂಟು ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಇಬ್ಬರೂ ಹಿಂದೆ ಸರಿದು, ಪೆರುವಿನ ಹಾವಿಯರ್ ಪೆರೆಸ್ ದೆ ಕ್ವೆಯಾರ್ ಆಯ್ಕೆಯಾದರು. ಬಹುಮತವಿದ್ದ ಆಫ್ರಿಕನ್ನನೊಬ್ಬನನ್ನು ಒಂದೇ ದೇಶ ತಡೆದ ಈ ಪ್ರಸಂಗ ಅನ್ಯಾಯದ್ದೇ. ಆಫ್ರಿಕದ ಮೊದಲ ಪ್ರಧಾನ ಕಾರ್ಯದರ್ಶಿಗಾಗಿ ಜಗತ್ತು ಇನ್ನೂ ಹತ್ತು ವರ್ಷ ಕಾಯಬೇಕಾಯಿತು.

1984ರ ಏಪ್ರಿಲ್‌ನಲ್ಲಿ ಪ್ರಧಾನಿ ಎಡ್ವರ್ಡ್ ಸೊಕೊಯಿನೆ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅಧ್ಯಕ್ಷ ನ್ಯೆರೆರೆ ಆ ಹೊಣೆಯನ್ನು ಸಲೀಂಗೆ ವಹಿಸಿದರು. ಮರುವರ್ಷ ನ್ಯೆರೆರೆ ಅಧಿಕಾರ ಬಿಟ್ಟರು. ಉತ್ತರಾಧಿಕಾರ ಒಲಿದದ್ದು ಅಲಿ ಹಸನ್ ಮ್ವಿನ್ಯಿ ಅವರಿಗೆ. ಸಲೀಂ ಉಪಪ್ರಧಾನಿಯಾಗಿ ರಕ್ಷಣಾ ಖಾತೆ ನೋಡಿಕೊಂಡರು.

1989ರಿಂದ 2001ರವರೆಗೆ ಅವರು ಆಫ್ರಿಕನ್ ಏಕತಾ ಸಂಘಟನೆಯ ಪ್ರಧಾನ ಕಾರ್ಯದರ್ಶಿ. ಸದಸ್ಯ ರಾಷ್ಟ್ರದ ಒಳವಿಷಯಕ್ಕೆ ಕೈಹಾಕಬಾರದೆಂಬುದು ಆ ಸಂಘಟನೆಯ ಮೂಲ ನಿಯಮ. ನೆರೆಮನೆ ಹೊತ್ತಿ ಉರಿಯುವಾಗಲೂ ಸುಮ್ಮನಿರುವಂತೆ ಮಾಡುತ್ತಿದ್ದ ಆ ಕಟ್ಟನ್ನು ಸಡಿಲಿಸಲು ಸಲೀಂ ದುಡಿದರು. 1993ರಲ್ಲಿ ಕೈರೊ ಶೃಂಗಸಭೆ ಸಂಘರ್ಷ ತಡೆಯುವ ವ್ಯವಸ್ಥೆಯೊಂದಕ್ಕೆ ಒಪ್ಪಿತು. ಆದರೆ ಮರುವರ್ಷ ರುವಾಂಡಾದಲ್ಲಿ ನರಮೇಧ ನಡೆದಾಗ ಅದನ್ನು ನಿಲ್ಲಿಸುವ ಸೈನ್ಯವಾಗಲಿ ಹಣವಾಗಲಿ ಸಂಘಟನೆಯ ಬಳಿ ಇರಲಿಲ್ಲ.

ನಂತರ ಡಾರ್ಫರ್ ಶಾಂತಿ ಮಾತುಕತೆಯಲ್ಲಿ ಆಫ್ರಿಕನ್ ಒಕ್ಕೂಟದ ಪರವಾಗಿ ಮಧ್ಯಸ್ಥಿಕೆ ವಹಿಸಿದರು. 2019ರಲ್ಲಿ ಚೀನಾ ಅವರಿಗೆ ತನ್ನ ಮೈತ್ರಿ ಪದಕ ನೀಡಿತು.