ಸೀರೆ ಉಟ್ಟವರು ಯಾರು?

ಹೋದ ವರ್ಷ ನಮ್ಮ ಸಂಘದ ರಾಜ್ಯೋತ್ಸವದ ನಾಟಕಕ್ಕೆ ನಾಯಕಿ ಬೇಕಾದಾಗ ನಮ್ಮ ಮಗಳು ತಾನೇ ಮುಂದೆ ಬಂದಳು. ಬೋಪಾಲ್‌ನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಹಿರಿಯರೊಬ್ಬರು, "ರಾಯರೇ, ಮರ್ಯಾದಸ್ಥರ ಮನೆ ಹುಡುಗಿ. ನಾಳೆ ನಾಟಕದವಳು ಅನ್ನಿಸಿಕೊಳ್ಳಬಾರದು ನೋಡಿ" ಎಂದರು. ನಾವು ಮರುಮಾತಾಡಲಿಲ್ಲ. ಮಿತ್ರರೊಬ್ಬರು ಮೀಸೆ ಬೋಳಿಸಿಕೊಂಡು ಆ ಪಾತ್ರ ಮಾಡಿದರು, ಚಪ್ಪಾಳೆಯೂ ಬಿತ್ತು. 'ನಾಟಕದವರು' ಎಂದರೆ ಕಲಾವಿದರು, 'ನಾಟಕದವಳು' ಎಂದರೆ ಬೈಗುಳ! ಇದು ಎಲ್ಲಿಂದ ಬಂತೆಂದು ಅಂದಿನಿಂದ ಹುಡುಕುತ್ತಿದ್ದೇವೆ.

ಅಹಮದಾಬಾದಿನ ರಾಯಖಡದಲ್ಲಿ ಜಯಶಂಕರ ಸುಂದರಿ ಹಾಲ್ ಇದೆಯಷ್ಟೆ. 'ಸುಂದರಿ' ಎಂದರೆ ಆ ಮಹನೀಯರ ಮಡದಿ ಇರಬೇಕೆಂದು ನಾವು ಬಹುಕಾಲ ತಿಳಿದಿದ್ದೆವು. ಅಲ್ಲ, ಅದು ಅವರದೇ ಬಿರುದು. ಜಯಶಂಕರ ಭೋಜಕರು (1889–1975) 1901ರಲ್ಲಿ ಮುಂಬಯಿಯಲ್ಲಿ 'ಸೌಭಾಗ್ಯ ಸುಂದರಿ' ನಾಟಕದ ನಾಯಕಿಯಾದಾಗ ಇನ್ನೂ 12ರ ಹುಡುಗ. ಅವರ ಉಡುಗೆ, ನಡಿಗೆಗಳನ್ನು ಸಿರಿವಂತ ಮನೆಗಳ ಹೆಂಗಸರೂ ಅನುಕರಿಸಿದರಂತೆ. 1971ರಲ್ಲಿ ಪದ್ಮಭೂಷಣ ಬಂತು. ಮರಾಠಿಯ ಬಾಲಗಂಧರ್ವರದೂ (1888–1967) ಇದೇ ಕಥೆ. 'ಏಕಚ್ ಪ್ಯಾಲಾ' (1919) ನಾಟಕದಲ್ಲಿ ಕುಡುಕನ ಪತಿವ್ರತೆ ಹೆಂಡತಿ ಸಿಂಧುವಾಗಿ ಅವರು ಹಾಡಿದರೆ ಸಭೆ ಕಣ್ಣೀರಿಡುತ್ತಿತ್ತು. ಗಂಡಸು ಸೀರೆ ಉಟ್ಟರೆ ಗೃಹಿಣಿಯರಿಗೇ ಮೇಲ್ಪಂಕ್ತಿ!

ಇನ್ನು ನಮ್ಮ ಬೀಳಗಿಯ ಹೆಣ್ಣುಮಗಳ ಮಾತು. ಅಂದಿನ ವಿಜಾಪುರ ಜಿಲ್ಲೆಯ ಗೋಹರಬಾಯಿ ಕರ್ನಾಟಕಿ 1938ರ ಸುಮಾರಿಗೆ ಗಂಧರ್ವ ಮಂಡಳಿ ಸೇರಿ, ಬಾಲಗಂಧರ್ವರು ಮಾಡುತ್ತಿದ್ದ ನಾಯಕಿಯರ ಪಾತ್ರಗಳನ್ನೇ ಮಾಡಿದರು. ಹಾಡುವ ಧಾಟಿಯೂ ಅವರದೇ ಅಚ್ಚು. ಬಿ.ಎಸ್‌ಸಿ. ಓದಿದ ನಮಗೆ ಒಂದೇ ಅಂಶ ಬದಲಿಸಿ ಫಲ ನೋಡುವ ಚಟ. ಪಾತ್ರ ಅದೇ, ಹಾಡು ಅದೇ, ಸೀರೆ ಅದೇ. ಉಟ್ಟವರು ಮಾತ್ರ ಬೇರೆ. ಸಿಕ್ಕಿದ್ದು 'ಗಂಧರ್ವರನ್ನು ಹಾಳುಮಾಡಿದವಳು' ಎಂಬ ಹೆಸರು. ಮಂಡಳಿಯ ಸಾಲ ಆಕೆ ಬರುವುದಕ್ಕೆ ಮುಂಚಿನದು, ಟಾಕಿಗಳು ಆಗಲೇ ಕಂಪನಿ ನಾಟಕಗಳನ್ನು ನುಂಗುತ್ತಿದ್ದವು. ಆದರೆ ದೂರಲು ಒಬ್ಬ ಹೆಂಗಸು ಸಿಕ್ಕಿದ ಮೇಲೆ ಲೆಕ್ಕ ಯಾರು ನೋಡುತ್ತಾರೆ?

ಆಕೆಯ ಸಹೋದರಿ ಅಮೀರಬಾಯಿ ಚಿತ್ರರಂಗಕ್ಕೆ ಹೋದರು. 'ರಾಣಕದೇವಿ' (1946) ಗುಜರಾತಿ ಚಿತ್ರಕ್ಕೆ ಅವರು ಹಾಡಿದ, ತಮ್ಮ ಹಳ್ಳಿಗೆ ಬನ್ನಿರೆಂದು ಕರೆಯುವ ಹಾಡನ್ನು ನಮ್ಮ ಪಕ್ಕದ ಮನೆಯ ಬಾ ಇಂದಿಗೂ ಗುನುಗುತ್ತಾರೆ. ಹಾಡಿದವರು ಕನ್ನಡದವರೆಂದರೆ ನಂಬಲೊಲ್ಲರು.

ಮೈಸೂರು ಕಡೆ ಗುಬ್ಬಿ ವೀರಣ್ಣನವರು ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದರು. ಬಿ. ಜಯಮ್ಮನವರು ಅಲ್ಲಿ ಹೆಸರಾದರು. ಒಡೆಯರ ಪತ್ನಿ ಎಂಬ ಆಸರೆಯೂ ಅವರಿಗಿತ್ತೆನ್ನಿ. ಆ ಆಸರೆಯಿಲ್ಲದೆ ಆರ್. ನಾಗರತ್ನಮ್ಮನವರು 1958ರಲ್ಲಿ ಬೆಂಗಳೂರಿನಲ್ಲಿ ಬರೀ ಹೆಂಗಸರ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಸೀತೆ, ಸಾವಿತ್ರಿಯರನ್ನು ಇತರರಿಗೆ ಬಿಟ್ಟು ತಾವು ಕಂಸ, ರಾವಣ, ದುರ್ಯೋಧನರಾಗಿ ಗದೆ ಹಿಡಿದರು. ಅಮೆರಿಕದ ಷಾರ್ಲಟ್ ಕುಷ್‌ಮನ್ 1845ರಲ್ಲಿ ಲಂಡನ್ನಿನಲ್ಲಿ ರೋಮಿಯೋ ಆಗಿ ಗೆದ್ದಿದ್ದರು, ನಿಜ. ಆದರೆ ನಮ್ಮವರ ಕಂಸನ ಅಬ್ಬರಕ್ಕೆ ಸಾಟಿಯಿಲ್ಲವೆಂಬುದು ನಮ್ಮ (ಪಕ್ಷಪಾತದ) ಮತ. ಪದ್ಮಶ್ರೀ ಬಂದದ್ದು 2012ರಲ್ಲಿ, ಅದೇ ವರ್ಷ ಅವರು ತೀರಿಕೊಂಡರು.

ಈ ಸಲದ ನಾಟಕದ ಪಾತ್ರಪಟ್ಟಿಗೆ ಮಗಳ ಹೆಸರನ್ನು ನಾವೇ ಬರೆದು ಕೊಟ್ಟಿದ್ದೇವೆ. ಅವಳಿಗೆ ನಾಯಕಿಯ ಪಾತ್ರ ಈಗ ಬೇಡವಂತೆ. ಕಂಸನದು ಖಾಲಿ ಇದೆಯೇ ಎಂದು ಕೇಳುತ್ತಿದ್ದಾಳೆ.