ಜಾಲದಿಂದ ಜಾಲಕ್ಕೆ ಧನಸಂಚಾರ: ಬ್ಲಾಕ್‌ಚೈನ್ ಸೇತುವೆಗಳ ಚರಿತ್ರೆ

ಒಂದೂರಿನಲ್ಲಿ ಕಟ್ಟಿದ ಹಣವು ಮತ್ತೊಂದೂರಿನಲ್ಲಿ ಕೈಸೇರಬೇಕಾದರೆ ನಾಣ್ಯವೇ ದಾರಿ ನಡೆಯಬೇಕಾಗಿಲ್ಲವೆಂಬುದನ್ನು ನಮ್ಮ ದೇಶದ ಸಾಹುಕಾರರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ಹುಂಡಿಯ ವ್ಯವಹಾರದಲ್ಲಿ ಬೆಳ್ಳಿಯು ಪೆಟ್ಟಿಗೆಯಲ್ಲಿಯೇ ಉಳಿದು ಕಾಗದವೊಂದೇ ಸಾಗುತ್ತಿತ್ತು. ಹಣ ಸಂದಾಯವಾದ ಹುಂಡಿಯನ್ನು ರದ್ದುಮಾಡಿ ‘ಖೋಖಾ’ ಎನ್ನುತ್ತಿದ್ದರು. ಮೂಲವು ಕಳೆದುಹೋದಲ್ಲಿ ‘ಪೇಠ್’ ಎಂಬ ಎರಡನೆಯ ಪ್ರತಿಯನ್ನು ಬರೆಯುತ್ತಿದ್ದರು. ‘ಶಾಹ್‌ಜೋಗ್’ ಹುಂಡಿಯ ಹಣವನ್ನು ಪೇಟೆಯಲ್ಲಿ ಮಾನ್ಯನಾದ ವರ್ತಕನಿಗಲ್ಲದೆ ಅನ್ಯರಿಗೆ ಸಲ್ಲಿಸುತ್ತಿರಲಿಲ್ಲ. ಒಂದೇ ಹಣ ಎರಡು ಬಾರಿ ಸಲ್ಲಬಾರದು, ಸುಳ್ಳು ಕಾಗದಕ್ಕೆ ಬೆಲೆ ಬರಬಾರದು ಎಂಬುದೇ ಈ ಕಟ್ಟುಪಾಡುಗಳ ತಿರುಳು. ಇಂದು ಬ್ಲಾಕ್‌ಚೈನ್ ಜಾಲಗಳ ನಡುವೆ ಕ್ರಿಪ್ಟೋ ನಾಣ್ಯಗಳನ್ನು ಸಾಗಿಸುವ ಬ್ರಿಡ್ಜ್‌ಗಳ, ಅಂದರೆ ಸೇತುವೆಗಳ, ಮುಂದಿರುವ ಪ್ರಶ್ನೆಯೂ ಇದೇ ಆಗಿದೆ. ಅವುಗಳ ಅಲ್ಪಕಾಲದ ಚರಿತ್ರೆಯನ್ನು ಪರಿಶೀಲಿಸಿ, ಅವು ಕುಸಿದುದಕ್ಕೆ ಕಾರಣಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಿಟ್‌ಕಾಯಿನ್ ಜಾಲವು 2009ರ ಜನವರಿಯಲ್ಲಿಯೂ ಈಥೀರಿಯಮ್ ಜಾಲವು 2015ರ ಜುಲೈ ತಿಂಗಳಿನಲ್ಲಿಯೂ ಆರಂಭವಾದುವು. ಪ್ರತಿಯೊಂದು ಜಾಲವೂ ತನ್ನದೇ ಆದ ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡಿದೆ; ಒಂದರ ಪುಸ್ತಕವನ್ನು ಇನ್ನೊಂದು ತಾನಾಗಿಯೇ ಓದಲಾರದು. ಆದಕಾರಣ ಯಾವ ನಾಣ್ಯವೂ ತನ್ನ ಜಾಲವನ್ನು ಬಿಟ್ಟು ಹೊರಡುವಂತಿಲ್ಲ. ಸೇತುವೆಯು ಸಾಮಾನ್ಯವಾಗಿ ಮಾಡುವುದಿಷ್ಟು: ಮೂಲ ನಾಣ್ಯವನ್ನು ಈ ದಡದಲ್ಲಿ ಬಂಧಿಸಿಟ್ಟು, ಅದಕ್ಕೆ ಸಮನಾದ ಪ್ರತಿನಿಧಿ ನಾಣ್ಯವನ್ನು ಆ ದಡದಲ್ಲಿ ಹೊರಡಿಸುತ್ತದೆ, ಪ್ರತಿನಿಧಿಯು ಹಿಂದಿರುಗಿ ನಾಶಗೊಂಡಾಗ ಮೂಲವನ್ನು ಬಿಡುಗಡೆಮಾಡುತ್ತದೆ. ದಾಟುವುದು ಧನವಲ್ಲ, ಧನವನ್ನು ಕುರಿತ ಸಾಕ್ಷ್ಯ. ಆ ಸಾಕ್ಷ್ಯವನ್ನು ನುಡಿಯುವವರು ಯಾರು, ಪರೀಕ್ಷಿಸುವವರು ಯಾರು ಎಂಬುದರಲ್ಲಿಯೇ ಸೇತುವೆಯ ಬಲಾಬಲಗಳೆಲ್ಲ ಅಡಗಿವೆ.

ಮಧ್ಯಸ್ಥನೇ ಇಲ್ಲದ ವಿನಿಮಯವೊಂದನ್ನು 2013ರಲ್ಲಿ ಟಿಯರ್ ನೋಲನ್ ಎಂಬ ಹೆಸರಿನಿಂದ ಬರೆದವರು ಸೂಚಿಸಿದರು. ಇದರಲ್ಲಿ ಇಬ್ಬರೂ ತಮ್ಮ ತಮ್ಮ ಜಾಲಗಳಲ್ಲಿ ಹಣವನ್ನು ಒಂದೇ ಗುಟ್ಟಿನ ಬೀಗಕ್ಕೆ ಒಳಪಡಿಸುತ್ತಾರೆ; ಗುಟ್ಟು ಬಯಲಾದರೆ ಎರಡೂ ಬೀಗಗಳು ತೆರೆಯಬಲ್ಲವು, ಗಡುವು ಮೀರಿದರೆ ಹಣವು ಆಯಾ ಒಡೆಯನಿಗೆ ಮರಳುತ್ತದೆ. ಕ್ರಮವು ನಿರ್ದುಷ್ಟವಾದರೂ, ಪ್ರತಿಸಲವೂ ಎದುರುಪಕ್ಷದವನೊಬ್ಬನನ್ನು ಹುಡುಕಬೇಕಾದುದು ಅದರ ತೊಡಕು. ಬಿಟ್‌ಕಾಯಿನ್ನನ್ನು ಪಕ್ಕದ ಜಾಲಕ್ಕೆ ಒಯ್ದು ಹಿಂದಕ್ಕೆ ತರುವ ಯೋಜನೆಯನ್ನು ಆಡಮ್ ಬ್ಯಾಕ್ ಮೊದಲಾದವರು 2014ರಲ್ಲಿ ಪ್ರಕಟಿಸಿದರು. 2019ರ ಜನವರಿಯಲ್ಲಿ, ಬಿಟ್‌ಕಾಯಿನ್ನನ್ನು ಒಂದು ಸಂಸ್ಥೆಯ ಕೈಯಲ್ಲಿ ಠೇವಣಿಯಿಟ್ಟು ಈಥೀರಿಯಮ್ ಜಾಲದಲ್ಲಿ ಪ್ರತಿನಿಧಿ ನಾಣ್ಯವನ್ನು ಪಡೆಯುವ ಏರ್ಪಾಡು ಬಳಕೆಗೆ ಬಂದಿತು. ಅನಂತರದ ಎರಡು ಮೂರು ವರ್ಷಗಳಲ್ಲಿ ಹೊಸ ಜಾಲಗಳು ಹುಟ್ಟಿದಂತೆಲ್ಲ ಸೇತುವೆಗಳೂ ಹೆಚ್ಚಿದುವು. ಅಪಾರವಾದ ಧನವು ಕೆಲವೇ ಭಂಡಾರಗಳಲ್ಲಿ ಸಂಚಯವಾಯಿತು.

ಇದರ ಪರಿಣಾಮವು 2022ರಲ್ಲಿ ಸ್ಪಷ್ಟವಾಯಿತು. ಫೆಬ್ರುವರಿ 2ರಂದು ವರ್ಮ್‌ಹೋಲ್ ಸೇತುವೆಯಲ್ಲಿ, ಸಹಿಯನ್ನು ಪರೀಕ್ಷಿಸುವ ಕ್ರಮದ ದೋಷದಿಂದಾಗಿ, ಯಾವ ಠೇವಣಿಯೂ ಇಲ್ಲದೆ 1,20,000 ಪ್ರತಿನಿಧಿ ಈಥರ್ ನಾಣ್ಯಗಳು ಸೊಲಾನಾ ಜಾಲದಲ್ಲಿ ಸೃಷ್ಟಿಯಾದುವು. ಆಗಸ್ಟ್ 1ರಂದು ನೋಮ್ಯಾಡ್ ಸೇತುವೆಯಲ್ಲಿ, ಪರಿಷ್ಕರಣದ ಕಾಲದಲ್ಲಿ ನುಸುಳಿದ ತಪ್ಪೊಂದರಿಂದ ಪರೀಕ್ಷೆಗೊಳಗಾಗದ ಸಂದೇಶವೂ ಸಿದ್ಧಪಟ್ಟಂತೆ ಅಂಗೀಕೃತವಾಯಿತು. ಮೊದಲನೆಯ ಕಳ್ಳನ ಬರಹವನ್ನು ನಕಲುಮಾಡಿ ವಿಳಾಸವನ್ನು ಬದಲಿಸಿದವರೆಲ್ಲರೂ ಭಂಡಾರಕ್ಕೆ ಕೈಹಾಕಿದರು. ಸುಮಾರು 19 ಕೋಟಿ ಡಾಲರುಗಳು ಹೀಗೆ ಹೋದುವು.

ಇವೆರಡೂ ಲಿಪಿಯ ದೋಷಗಳು. ರೋನಿನ್ ಸೇತುವೆಯದಾದರೋ ಆಡಳಿತದ ದೋಷ. ಚರಿತ್ರಕಾರನಿಗೆ ಇದೇ ಹೆಚ್ಚು ಬೋಧಪ್ರದವಾದುದು. ಅಲ್ಲಿ ಒಂಬತ್ತು ಮಂದಿ ಸಾಕ್ಷಿಗಳಲ್ಲಿ ಐವರ ಸಹಿ ಸಾಕಾಗಿತ್ತು. ನಾಲ್ಕು ಸಹಿಗಳ ಕೀಲಿಗಳು ಜಾಲವನ್ನು ನಿರ್ಮಿಸಿದ ಸ್ಕೈ ಮಾವಿಸ್ ಸಂಸ್ಥೆಯ ಬಳಿಯಲ್ಲಿಯೇ ಇದ್ದುವು. 2021ರ ನವೆಂಬರಿನಲ್ಲಿ, ಕೆಲಸದ ಒತ್ತಡದ ನಿಮಿತ್ತ, ಐದನೆಯ ಸಾಕ್ಷಿಯೂ ತನ್ನ ಪರವಾಗಿ ಸಹಿಮಾಡಲು ಆ ಸಂಸ್ಥೆಗೆ ಅನುಮತಿಯಿತ್ತಿತು. ಡಿಸೆಂಬರಿನಲ್ಲಿ ಆ ಏರ್ಪಾಡು ನಿಂತಿತಾದರೂ ಅನುಮತಿಯನ್ನು ಹಿಂದಕ್ಕೆ ಪಡೆಯಲಿಲ್ಲ. 2022ರ ಮಾರ್ಚ್ 23ರಂದು ಕಳ್ಳರು ಈ ಐದು ಸಹಿಗಳನ್ನೂ ವಶಪಡಿಸಿಕೊಂಡು 1,73,600 ಈಥರ್ ನಾಣ್ಯಗಳನ್ನೂ 2.55 ಕೋಟಿ ಯುಎಸ್‌ಡಿಸಿ ನಾಣ್ಯಗಳನ್ನೂ ಒಯ್ದರು. ಬಳಕೆದಾರನೊಬ್ಬನು ತನ್ನ 5,000 ಈಥರನ್ನು ಹಿಂಪಡೆಯಲಾರದೆ ದೂರಿತ್ತಾಗ, ಎಂದರೆ 29ರಂದು, ಕಳವು ಬೆಳಕಿಗೆ ಬಂದಿತು. ಇದು ಉತ್ತರ ಕೊರಿಯಾದ ಲಾಜರಸ್ ತಂಡದ ಕೃತ್ಯವೆಂದು ಅಮೆರಿಕದ ಎಫ್.ಬಿ.ಐ. ಏಪ್ರಿಲ್ 14ರಂದು ಘೋಷಿಸಿತು. ಒಂಬತ್ತು ಹೆಸರುಗಳಿದ್ದುವು, ನಿಜವಾಗಿ ನೋಡಿದರೆ ಐದು ಸಹಿಗಳಿಗೆ ಒಂದೇ ಬಾಗಿಲು.

ಪರಿಹಾರದ ಮಾರ್ಗಗಳೂ ಈ ವರ್ಷಗಳಲ್ಲಿಯೇ ರೂಪುಗೊಂಡಿವೆ. 2021ರಲ್ಲಿ ಕಾಸ್ಮಾಸ್ ಜಾಲದಲ್ಲಿ ಬಳಕೆಗೆ ಬಂದ ಐ.ಬಿ.ಸಿ. ಕ್ರಮದಲ್ಲಿ ಒಂದು ಜಾಲವು ಇನ್ನೊಂದರ ಪ್ರಮಾಣವನ್ನು ತಾನೇ ಪರೀಕ್ಷಿಸುತ್ತದೆ. ಈಥೀರಿಯಮ್‌ಗೆ ಅಧೀನವಾದ ಆಪ್ಟಿಮಿಸ್ಟಿಕ್ ರೋಲಪ್ ಜಾಲಗಳ ಸ್ವಂತ ಸೇತುವೆಗಳಲ್ಲಿ ಹಿಂಪಡೆತಕ್ಕೆ ಸಾಮಾನ್ಯವಾಗಿ ಏಳು ದಿನಗಳ ಕಾಯುವಿಕೆಯಿದೆ. ಅದು ಆಕ್ಷೇಪಣೆಗೆ ಬಿಟ್ಟ ಅವಧಿ. ಯುಎಸ್‌ಡಿಸಿಯನ್ನು ಹೊರಡಿಸುವ ಸರ್ಕಲ್ ಸಂಸ್ಥೆಯು 2023ರಲ್ಲಿ ತಂದ ಕ್ರಮದಲ್ಲಿ ನಾಣ್ಯವನ್ನು ಒಂದು ಕಡೆ ನಾಶಗೊಳಿಸಿ ಇನ್ನೊಂದು ಕಡೆ ಟಂಕಿಸುವುದರಿಂದ ಭಂಡಾರದ ಅವಶ್ಯಕತೆಯೇ ಇಲ್ಲ. ಆದರೆ ಆ ಸಂಸ್ಥೆಯನ್ನು ನಂಬಲೇಬೇಕು.

ಹೀಗಿರಲಾಗಿ, ಸೇತುವೆಯನ್ನು ದಾಟುವವನು ವೇಗವನ್ನೂ ಶುಲ್ಕವನ್ನೂ ವಿಚಾರಿಸುವುದಕ್ಕೆ ಮೊದಲು ಸಾಕ್ಷಿಗಳಾರೆಂದು ವಿಚಾರಿಸತಕ್ಕದ್ದು. ವಿಳಾಸವನ್ನೂ ಜಾಲವನ್ನೂ ಸರಿನೋಡಿ, ಮೊದಲು ಅಲ್ಪಮೊತ್ತವನ್ನು ಕಳುಹಿಸಿ ಪರೀಕ್ಷಿಸುವುದು, ಕೆಲಸ ಮುಗಿದೊಡನೆ ತಾನಿತ್ತ ಅನುಮತಿಯನ್ನು ರದ್ದುಪಡಿಸುವುದು, ಪ್ರತಿನಿಧಿ ನಾಣ್ಯವನ್ನು ವೃಥಾ ಇಟ್ಟುಕೊಳ್ಳದಿರುವುದು ವಿಹಿತ. ಸಂದಾಯವಾದ ಹುಂಡಿಯನ್ನು ಮರೆಯದೆ ಖೋಖಾ ಮಾಡುತ್ತಿದ್ದ ಸಾಹುಕಾರನ ಎಚ್ಚರಿಕೆಯನ್ನು ರೋನಿನ್ನಿನ ಆಡಳಿತಗಾರರು ತೋರಿಸಿದ್ದರೆ, ಆ ಹಳೆಯ ಅನುಮತಿಯು ಡಿಸೆಂಬರಿನಲ್ಲಿಯೇ ರದ್ದಾಗಿರುತ್ತಿತ್ತು.